ಸಿಂಥ್‌ಗೆ ಮುಂದಿನ ಮಾಡ್ಯೂಲ್ ಯಾವುದು? ದುಡ್ಡು ಕೊಡೋ ಮುಂಚೆ ಮಾಡಬೇಕಾದ ಲೆಕ್ಕ

ಕಳೆದ ಸೆಮಿಸ್ಟರ್‌ನಲ್ಲಿ ಕನ್ನಡ ಸಂಘದ ನಾಟಕಕ್ಕೆ ಸೌಂಡ್ ಮಾಡೋ ಜವಾಬ್ದಾರಿ ನಮ್ಮ ತಲೆ ಮೇಲೆ ಬಿತ್ತು. ನಾವು ಅಂದ್ರೆ ಒಂದೇ ಹಾಸ್ಟೆಲ್ ಫ್ಲೋರಿನ ನಾಲ್ಕು ಜನ, ಎಲ್ಲರೂ ಸೆಕೆಂಡ್ ಇಯರ್. ನಾಟಕಕ್ಕೆ ಬೇಕಾಗಿದ್ದು ಮೂರೇ ಶಬ್ದ: ಬೆಟ್ಟದ ಮೇಲೆ ಬೀಸೋ ಗಾಳಿ, ಒಂದು ಗುಡುಗು, ಕೊನೇ ದೃಶ್ಯಕ್ಕೆ ತಂಬೂರಿ ಥರ ಹಿಂದೆ ನಿಲ್ಲೋ ಶ್ರುತಿ. ರೆಕಾರ್ಡಿಂಗ್ ಹಾಕಿಬಿಡಬಹುದಿತ್ತು. ಆದರೆ ನಿರ್ದೇಶನ ಮಾಡ್ತಿದ್ದ ಸೀನಿಯರ್ ಅಕ್ಕ ಒಪ್ಪಲಿಲ್ಲ. "ನಟರು ಒಂದೊಂದು ದಿನ ಒಂದೊಂದು ಥರ ನಿಲ್ಲಿಸಿ ಮಾತಾಡ್ತಾರೆ, ಗಾಳಿ ಅವರ ಜೊತೆ ಏರಬೇಕು, ಇಳೀಬೇಕು" ಅಂದ್ರು.

ನಮ್ಮ ಹತ್ರ ಒಂದು ಸೆಕೆಂಡ್‌ಹ್ಯಾಂಡ್ ಅನಲಾಗ್ ಸಿಂಥಸೈಜರ್ ಇತ್ತು. ಪುಸ್ತಕದಷ್ಟು ದಪ್ಪದ ಡಬ್ಬಿ, ಮೇಲೆಲ್ಲ ನಾಬ್‌ಗಳು, ಪಕ್ಕದಲ್ಲಿ ಸಾಲಾಗಿ 3.5 ಎಂಎಂ ಜಾಕ್‌ಗಳು. ಇದಕ್ಕೆ ಇನ್ನೊಂದಿಷ್ಟು ಮಾಡ್ಯೂಲ್ ಸೇರಿಸಿದ್ರೆ ಕೆಲಸ ಆಗುತ್ತೆ ಅಂತ ತಲಾ 3,000 ಹಾಕಿ 12,000 ರೂಪಾಯಿ ಕೂಡಿಸಿದ್ವಿ. ನಮ್ಮಲ್ಲಿ ಒಬ್ಬನ ಪಾಲು ಪಿಯುಸಿ ಹುಡುಗರಿಗೆ ಟ್ಯೂಷನ್ ಹೇಳಿ ಬಂದ ದುಡ್ಡು. ಅದರಲ್ಲಿ 8,500 ರೂಪಾಯಿಯನ್ನ ಒಂದೇ ವಾರದಲ್ಲಿ ತಪ್ಪು ಜಾಗಕ್ಕೆ ಹಾಕಿಬಿಟ್ವಿ. ಆ ತಪ್ಪು ಯಾಕಾಯ್ತು, ಆಮೇಲೆ ಉಳಿದ 3,500ರಲ್ಲಿ ಹೇಗೆ ದಡ ಸೇರಿದ್ವಿ ಅನ್ನೋದೇ ಈ ಲೇಖನ. ನಮ್ಮದು ಇಂಗ್ಲಿಷ್ ಮೀಡಿಯಂ ಕನ್ನಡ, ತಪ್ಪಿದ್ರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು, ಡಬ್ಬಿಯೊಳಗೆ ಏನಿದೆ?

ಅನಲಾಗ್ ಸಿಂಥ್ ಅಂದ್ರೆ ನಾಲ್ಕೈದು ಸರ್ಕ್ಯೂಟ್‌ಗಳ ಸಾಲು. ಆಸಿಲೇಟರ್ ಸ್ವರ ಹುಟ್ಟಿಸುತ್ತೆ. ಫಿಲ್ಟರ್ ಅದರ ಹೆಚ್ಚಿನ ಫ್ರೀಕ್ವೆನ್ಸಿಗಳನ್ನ ಕೆತ್ತಿ ತೆಗೆಯುತ್ತೆ. ವಿಸಿಎ, ಅಂದ್ರೆ ವೋಲ್ಟೇಜ್‌ನಿಂದ ನಿಯಂತ್ರಿಸೋ ಆಂಪ್ಲಿಫೈಯರ್, ಎಷ್ಟು ಜೋರಾಗಿ ಹೊರಗೆ ಬಿಡಬೇಕು ಅಂತ ನೋಡಿಕೊಳ್ಳುತ್ತೆ. ಇವು ಮೂರೂ ಶಬ್ದ ಹಾದುಹೋಗೋ ದಾರಿ. ಇವುಗಳ ನಾಬ್‌ಗಳನ್ನ ನಮ್ಮ ಬದಲು ತಿರುಗಿಸೋಕೆ ಇನ್ನೆರಡು ಸರ್ಕ್ಯೂಟ್ ಇರುತ್ತೆ: ಎನ್ವಲಪ್ ಮತ್ತು ಎಲ್‌ಎಫ್‌ಒ. ಎನ್ವಲಪ್ ಒಂದು ಕೀ ಒತ್ತಿದಾಗ ವೋಲ್ಟೇಜ್ ಏರಿಸಿ ಇಳಿಸುತ್ತೆ. ಎಲ್‌ಎಫ್‌ಒ ನಿಧಾನವಾಗಿ ತೂಗಾಡೋ ವೋಲ್ಟೇಜ್ ಕೊಡುತ್ತೆ.

ಹೀಗೆ ಎಲ್ಲವನ್ನೂ ವೋಲ್ಟೇಜ್‌ನಿಂದಲೇ ಆಡಿಸಬಹುದು ಅನ್ನೋದನ್ನ ಬಿಡಿ ಬಿಡಿ ಮಾಡ್ಯೂಲ್‌ಗಳಾಗಿ ಮಾಡಿ ತೋರಿಸಿದವರು ಅಮೆರಿಕದ ರಾಬರ್ಟ್ ಮೋಗ್, 1964ರಲ್ಲಿ, ಹರ್ಬರ್ಟ್ ಡಾಯ್ಚ್ ಅನ್ನೋ ಸಂಗೀತಗಾರರ ಜೊತೆ ಸೇರಿ. (ಮೂಗು ಅಲ್ಲ, ಮೋಗ್. ನಾವೂ ಒಂದು ವರ್ಷ ತಪ್ಪಾಗೇ ಹೇಳ್ತಿದ್ವಿ.) ಇದು ನಮ್ಮ ದೇಶಕ್ಕೆ ಬರೋಕೆ ಜಾಸ್ತಿ ಕಾಲ ಹಿಡಿಯಲಿಲ್ಲ. 1969ರಲ್ಲೇ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಅಂದ್ರೆ ಎನ್‌ಐಡಿಯಲ್ಲಿ, ಮೋಗ್ ಸಿಂಥ್ ಇದ್ದ ಸ್ಟುಡಿಯೋ ಶುರುವಾಯ್ತು. ಅದನ್ನ ಕಟ್ಟೋಕೆ ನೆರವಾದವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್.

ಈಗ ಹೆಚ್ಚು ಬಳಕೆಯಲ್ಲಿರೋ ಮಾಡ್ಯೂಲ್ ಅಳತೆಗೆ ಯೂರೋರ‍್ಯಾಕ್ ಅಂತ ಹೆಸರು. ಜರ್ಮನಿಯ ಡೋಪ್ಫರ್ ಕಂಪನಿ 1990ರ ದಶಕದ ಮಧ್ಯದಲ್ಲಿ ತಂದ ಎ-100 ಸಿಸ್ಟಮ್‌ನಿಂದ ಇದು ಬೆಳೀತು. ನಮ್ಮ ಸಿಂಥ್‌ನ ಜಾಕ್‌ಗಳೂ ಇದೇ ಲೆಕ್ಕದಲ್ಲಿ ಮಾತಾಡುತ್ತೆ. ಅದಕ್ಕೇ ಹೊರಗಿನ ಮಾಡ್ಯೂಲ್ ಸೇರಿಸೋ ಧೈರ್ಯ ಬಂದಿದ್ದು.

ನಾವು ಮಾಡಿದ ಮೊದಲ ತಪ್ಪು

ನಮ್ಮ ಸಿಂಥ್‌ನಲ್ಲಿ ಇದ್ದಿದ್ದು ಒಂದೇ ಆಸಿಲೇಟರ್. ಎರಡಿದ್ರೆ ಸೌಂಡ್ ದಪ್ಪ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಸರಿ, ಒಂದು ಒಳ್ಳೆ ಆಸಿಲೇಟರ್ ಮಾಡ್ಯೂಲ್, ಅದಕ್ಕೊಂದು ಚಿಕ್ಕ ಪವರ್ ಸಪ್ಲೈ, ಎರಡೂ ಸೇರಿ 8,500. ಪ್ಲೈವುಡ್ ಕೊಯ್ದು ಕೇಸ್ ನಾವೇ ಮಾಡಿದ್ವಿ. ರಾತ್ರಿ ಎರಡು ಗಂಟೆವರೆಗೂ ನುಡಿಸಿದ್ವಿ. ಸೌಂಡ್ ನಿಜವಾಗ್ಲೂ ದಪ್ಪ ಆಯ್ತು.

ಮಾರನೇ ದಿನ ರಿಹರ್ಸಲ್‌ಗೆ ಹೋದಾಗ ಅಕ್ಕ ಕೇಳಿದ್ರು, "ಗಾಳಿ ಎಲ್ಲಿ?"

ಗಾಳಿಗೆ ಆಸಿಲೇಟರ್ ಬೇಡವೇ ಬೇಡ! ಗಾಳಿಗೆ ನಿರ್ದಿಷ್ಟ ಸ್ವರ ಇಲ್ಲ. ವೈಟ್ ನಾಯ್ಸ್ ತಗೊಂಡು, ಅಂದ್ರೆ ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ಬರೋ "ಶ್" ಅನ್ನೋ ಶಬ್ದ, ಅದನ್ನ ಫಿಲ್ಟರ್‌ಗೆ ಹಾಕಿ, ರೆಸೊನೆನ್ಸ್ ಅರ್ಧಕ್ಕೆ ಏರಿಸಿ, ಕಟ್‌ಆಫ್ ನಾಬನ್ನ ನಿಧಾನವಾಗಿ ಮೇಲೆ ಕೆಳಗೆ ಮಾಡಿದ್ರೆ ಗಾಳಿ. ನಮ್ಮ ಸಿಂಥ್‌ನ ಮಿಕ್ಸ್ ನಾಬ್ ಪೂರ್ತಿ ಒಂದು ಕಡೆ ತಿರುಗಿಸಿದ್ರೆ ನಾಯ್ಸ್ ಬರುತ್ತೆ ಅಂತ ಅವತ್ತೇ ನಮಗೆ ಗೊತ್ತಾಗಿದ್ದು. ಆರು ತಿಂಗಳಿಂದ ಅದು ಅಲ್ಲೇ ಇತ್ತು.

ಹಾಗಾಗಿ ಮೊದಲನೇ ಪಾಠ: ಮಾಡ್ಯೂಲ್ ಪಟ್ಟಿ ನೋಡೋ ಮುಂಚೆ ಬೇಕಾದ ಶಬ್ದವನ್ನ ಒಂದು ವಾಕ್ಯದಲ್ಲಿ ಬರೀರಿ. ಆಮೇಲೆ ಮೂರು ಪ್ರಶ್ನೆ ಕೇಳಿ. ಶಬ್ದದ ಮೂಲವೇ ಇಲ್ವಾ? ಮೂಲ ಇದೆ, ಆಕಾರ ಕೊಡೋಕೆ ಆಗ್ತಿಲ್ವಾ? ಆಕಾರವೂ ಇದೆ, ಅದು ತಾನಾಗೇ ಅಲುಗಾಡ್ತಿಲ್ವಾ? ಮೊದಲನೆಯದಕ್ಕೆ ಆಸಿಲೇಟರ್ ಅಥವಾ ನಾಯ್ಸ್, ಎರಡನೆಯದಕ್ಕೆ ಫಿಲ್ಟರ್ ಅಥವಾ ಎಫೆಕ್ಟ್, ಮೂರನೆಯದಕ್ಕೆ ಎಲ್‌ಎಫ್‌ಒ, ಎನ್ವಲಪ್ ಥರದ ಕಂಟ್ರೋಲ್ ಮಾಡ್ಯೂಲ್. ನಮ್ಮ ಗಾಳಿಗೆ ಕೊರತೆ ಇದ್ದಿದ್ದು ಮೂರನೇ ಜಾಗದಲ್ಲಿ, ನಾವು ದುಡ್ಡು ಹಾಕಿದ್ದು ಮೊದಲನೇ ಜಾಗಕ್ಕೆ.

ಇದನ್ನ ಪುಕ್ಕಟೆ ಪರೀಕ್ಷೆ ಮಾಡೋ ದಾರಿಯೂ ಇದೆ. ವಿಸಿವಿ ರ‍್ಯಾಕ್ ಅನ್ನೋ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲಿ ಯೂರೋರ‍್ಯಾಕ್ ಥರದ ಮಾಡ್ಯೂಲ್‌ಗಳು ಲ್ಯಾಪ್‌ಟಾಪ್‌ನಲ್ಲೇ ಸಿಗುತ್ತೆ. ನಿಮ್ಮ ಸಿಂಥ್‌ನಲ್ಲಿ ಏನಿದೆಯೋ ಅಷ್ಟನ್ನೇ ಅಲ್ಲಿ ಜೋಡಿಸಿ, ಕೊಳ್ಳಬೇಕು ಅಂದುಕೊಂಡ ಒಂದನ್ನ ಸೇರಿಸಿ, ಒಂದು ವಾರ ನುಡಿಸಿ ನೋಡಿ. ನಾವು ಇದನ್ನ ಮಾಡಿದ್ದು ದುಡ್ಡು ಹೋದ ಮೇಲೆ.

ಯಾರೂ ಆಸೆಪಡದ ಮಾಡ್ಯೂಲ್‌ಗಳು

ಸಿಂಥ್‌ನಲ್ಲಿದ್ದ ಒಂದೇ ಎಲ್‌ಎಫ್‌ಒವನ್ನ ಫಿಲ್ಟರ್‌ಗೆ ಕೊಟ್ಟಾಗ ಗಾಳಿ ಸೀಲಿಂಗ್ ಫ್ಯಾನ್ ಥರ ಕೇಳ್ತಿತ್ತು. ಒಂದೇ ಲಯದಲ್ಲಿ ವುಯ್, ವುಯ್. ನಿಜವಾದ ಗಾಳಿಗೆ ಲಯ ಇರಲ್ಲ. ಹಾಗಾಗಿ ಇನ್ನೆರಡು ನಿಧಾನದ ಎಲ್‌ಎಫ್‌ಒ ಮಾಡಿ, ಎರಡನ್ನೂ ಕೂಡಿಸಿದ್ವಿ. ಒಂದು ಟಿಎಲ್074 ಚಿಪ್‌ನಲ್ಲಿ ನಾಲ್ಕು ಆಪ್‌ಆಂಪ್ ಇರುತ್ತೆ. ಒಂದು ಇಂಟಿಗ್ರೇಟರ್, ಒಂದು ಕಂಪ್ಯಾರೇಟರ್ ಸೇರಿದ್ರೆ ಒಂದು ತ್ರಿಕೋನ ಅಲೆ. ಅಂದ್ರೆ ಒಂದು ಚಿಪ್‌ನಲ್ಲಿ ಎರಡು ಎಲ್‌ಎಫ್‌ಒ. ಥರ್ಡ್ ಸೆಮ್ ಲ್ಯಾಬ್‌ನಲ್ಲಿ ನಾವೆಲ್ಲ ಮಾಡಿರೋ ಸರ್ಕ್ಯೂಟೇ. ಒಂದರ ಅವಧಿ 7 ಸೆಕೆಂಡ್, ಇನ್ನೊಂದರದ್ದು 11 ಸೆಕೆಂಡ್ ಇಟ್ರೆ, ಲಸಾಅ ಲೆಕ್ಕದಲ್ಲಿ 77 ಸೆಕೆಂಡ್ ಆಗೋವರೆಗೂ ಅದೇ ಏರಿಳಿತ ಪೂರ್ತಿಯಾಗಿ ಮರಳಿ ಬರಲ್ಲ. ಕಿವಿಗೆ ಅಷ್ಟು ಸಾಕು, ಗಾಳಿ ತನ್ನಿಷ್ಟಕ್ಕೆ ಬೀಸಿದ ಹಾಗೆ ಕೇಳುತ್ತೆ.

ಆದರೆ ಎರಡು ವೋಲ್ಟೇಜ್ ಕೂಡಿಸೋಕೆ ಮಿಕ್ಸರ್ ಬೇಕು. ಎಷ್ಟು ಕೂಡಿಸಬೇಕು ಅಂತ ತಗ್ಗಿಸೋಕೆ ಅಟೆನ್ಯುಯೇಟರ್ ಬೇಕು. ನಟ ಮಾತಾಡುವಾಗ ಗಾಳಿ ಇಳಿಸಿ, ಸುಮ್ಮನಾದಾಗ ಏರಿಸೋಕೆ ಇನ್ನೊಂದು ವಿಸಿಎ ಬೇಕು. ಇವನ್ನೆಲ್ಲ ಯುಟಿಲಿಟಿ ಅಂತಾರೆ. ಇವುಗಳಿಗೆ ಸ್ವಂತ ಧ್ವನಿ ಇಲ್ಲ, ಮಿಣಮಿಣ ಲೈಟೂ ಇಲ್ಲ. ಅಡುಗೆಯಲ್ಲಿ ಉಪ್ಪಿದ್ದ ಹಾಗೆ, ಇಲ್ಲದಾಗಷ್ಟೇ ನೆನಪಾಗುತ್ತೆ. ಖುಷಿಯ ವಿಷಯ ಏನಂದ್ರೆ ಮಿಕ್ಸರ್, ಅಟೆನ್ಯುಯೇಟರ್ ಎರಡನ್ನೂ ನಾವೇ ಕಟ್ಟಬಹುದು. ಪೊಟೆನ್ಶಿಯೋಮೀಟರ್, ರೆಸಿಸ್ಟರ್, ಆಪ್‌ಆಂಪ್, ಜಾಕ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ಮಧ್ಯಾಹ್ನ ಸುತ್ತಿದ್ರೆ ಸಿಗುತ್ತೆ.

ಈ ಪಟ್ಟಿಯಲ್ಲಿ ಮಲ್ಟಿಪಲ್ ಅಂತ ಇನ್ನೊಂದಿದೆ, ಒಂದು ವೋಲ್ಟೇಜನ್ನ ಎರಡು ಮೂರು ಕಡೆ ಹಂಚೋದು. ಸುಮ್ನೆ ಜಾಕ್‌ಗಳನ್ನ ವೈರ್‌ನಲ್ಲಿ ಸೇರಿಸಿದ್ರೆ ಆಯ್ತಲ್ಲ ಅನ್ಸುತ್ತೆ. ಎಲ್‌ಎಫ್‌ಒಗೆ ಅಷ್ಟು ಸಾಕು. ಸ್ವರದ ವೋಲ್ಟೇಜ್‌ಗೆ ಸಾಲದು. ಯಾಕೆ ಅಂತ ಲೆಕ್ಕ ಹಾಕೋಣ.

ಯೂರೋರ‍್ಯಾಕ್‌ನಲ್ಲಿ 1 ವೋಲ್ಟ್ ಏರಿದ್ರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತೆ. ಒಂದು ಸ್ಥಾಯಿಗೆ 12 ಸೆಮಿಟೋನ್, ಹಾಗಾಗಿ ಒಂದು ಸೆಮಿಟೋನ್ ಅಂದ್ರೆ 83.3 ಮಿಲಿವೋಲ್ಟ್. ಕೊಡೋ ಕಡೆ ಔಟ್‌ಪುಟ್ ರೆಸಿಸ್ಟೆನ್ಸ್ 1 ಕಿಲೋಓಮ್, ತಗೊಳ್ಳೋ ಕಡೆ ಇನ್‌ಪುಟ್ 100 ಕಿಲೋಓಮ್ ಅಂತ ಇಟ್ಕೊಳ್ಳಿ. 3 ವೋಲ್ಟ್ ಕಳಿಸಿದ್ರೆ ಒಂದು ಆಸಿಲೇಟರ್‌ಗೆ ತಲುಪೋದು 2.970 ವೋಲ್ಟ್. ಎರಡನೇ ಆಸಿಲೇಟರ್ ಚುಚ್ಚಿದ ತಕ್ಷಣ ಲೋಡ್ 50 ಕಿಲೋಓಮ್ ಆಗಿ 2.941ಕ್ಕೆ ಇಳಿಯುತ್ತೆ. ವ್ಯತ್ಯಾಸ 29 ಮಿಲಿವೋಲ್ಟ್, ಅಂದ್ರೆ ಸೆಮಿಟೋನ್‌ನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಸಂಗೀತ ಕಲಿಯದವರಿಗೂ ಶ್ರುತಿ ತಪ್ಪಿದ್ದು ಕೇಳಿಸುತ್ತೆ. ಇದಕ್ಕೆ ಮದ್ದು ಬಫರ್ ಇರೋ ಮಲ್ಟಿಪಲ್. ಪ್ರತಿ ಔಟ್‌ಪುಟ್‌ಗೂ ಒಂದೊಂದು ಆಪ್‌ಆಂಪ್ ವೋಲ್ಟೇಜ್ ಫಾಲೋವರ್, ಅಷ್ಟೇ. ಕೆಲವು ಮಾಡ್ಯೂಲ್‌ಗಳಲ್ಲಿ ಆ 1 ಕಿಲೋಓಮನ್ನ ಆಪ್‌ಆಂಪ್‌ನ ಫೀಡ್‌ಬ್ಯಾಕ್ ಲೂಪ್ ಒಳಗೇ ಇಟ್ಟಿರ್ತಾರೆ, ಅಲ್ಲಿ ಈ ತೊಂದರೆ ಬರಲ್ಲ.

ಹೊಂದುತ್ತಾ ಅಂತ ನೋಡೋದು ಹೇಗೆ?

ಬೇಕಾದ ಮಾಡ್ಯೂಲ್ ಯಾವುದು ಅಂತ ಗೊತ್ತಾದ ಮೇಲೂ ನಾಲ್ಕು ವಿಷಯ ನೋಡ್ಲೇಬೇಕು.

ಒಂದು, ಜಾಗ. ಯೂರೋರ‍್ಯಾಕ್ ಮಾಡ್ಯೂಲ್‌ನ ಎತ್ತರ 128.5 ಎಂಎಂ. ಅಗಲವನ್ನ ಎಚ್‌ಪಿಯಲ್ಲಿ ಅಳೀತಾರೆ, ಒಂದು ಎಚ್‌ಪಿ ಅಂದ್ರೆ 5.08 ಎಂಎಂ. 84 ಎಚ್‌ಪಿ ಸಾಲಿಗೆ ಸುಮಾರು 427 ಎಂಎಂ ಬೇಕು. ಆಳವನ್ನೂ ನೋಡಿ, ಇಲ್ಲಾಂದ್ರೆ ನಮ್ಮ ಥರ ಕೇಸ್‌ನ ಹಿಂಬದಿಗೆ ತೂತು ಕೊರೀಬೇಕಾಗುತ್ತೆ.

ಎರಡು, ಕರೆಂಟ್. ಪ್ರತಿ ಮಾಡ್ಯೂಲ್‌ನ ವಿವರದಲ್ಲಿ +12 ವೋಲ್ಟ್‌ನಿಂದ ಎಷ್ಟು ಮಿಲಿಆಂಪ್, −12 ವೋಲ್ಟ್‌ನಿಂದ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರ್ತಾರೆ. ಕೆಲವಕ್ಕೆ +5 ವೋಲ್ಟ್ ಕೂಡ ಬೇಕು. ಮೂರನ್ನೂ ಬೇರೆ ಬೇರೆ ಕೂಡಿಸಿ. ಒಂದು ಟಿಎಲ್074 ಸುಮಾರು 6 ಮಿಲಿಆಂಪ್ ಎಳೆಯುತ್ತೆ, ಅದು ಲೆಕ್ಕಕ್ಕೇ ಇಲ್ಲ. ಡಿಜಿಟಲ್ ಎಫೆಕ್ಟ್ ಮಾಡ್ಯೂಲ್ ಒಂದೇ 100 ಮಿಲಿಆಂಪ್ ದಾಟೋದು ಮಾಮೂಲು. ಒಟ್ಟು ಮೊತ್ತ ಸಪ್ಲೈ ಸಾಮರ್ಥ್ಯದ ಮುಕ್ಕಾಲು ಭಾಗ ಮೀರದ ಹಾಗೆ ನೋಡ್ಕೊಳ್ಳಿ, ಆನ್ ಮಾಡಿದ ಕ್ಷಣದಲ್ಲಿ ಎಳೆತ ಇನ್ನೂ ಜಾಸ್ತಿ ಇರುತ್ತೆ.

ಮೂರು, ಭಾಷೆ. ಎಲ್ಲ ಹಳೇ ಸಿಂಥ್‌ಗಳೂ ಸ್ಥಾಯಿಗೆ 1 ವೋಲ್ಟ್ ಲೆಕ್ಕದಲ್ಲಿ ನಡೆಯಲ್ಲ. 1978ರ ಕೋರ್ಗ್ ಎಂಎಸ್-20ರಲ್ಲಿ ವೋಲ್ಟೇಜ್ ಫ್ರೀಕ್ವೆನ್ಸಿಗೆ ನೇರ ಅನುಪಾತದಲ್ಲಿರುತ್ತೆ. ಅಲ್ಲಿ ಒಂದೊಂದು ಸ್ಥಾಯಿ ಏರೋಕೆ 1, 2, 4 ವೋಲ್ಟ್ ಅಂತ ದುಪ್ಪಟ್ಟು ಆಗ್ತಾ ಹೋಗಬೇಕು. ಯೂರೋರ‍್ಯಾಕ್ ಸೀಕ್ವೆನ್ಸರನ್ನ ಅದಕ್ಕೆ ನೇರವಾಗಿ ಚುಚ್ಚಿದ್ರೆ ಏನೂ ಸುಡಲ್ಲ, ಆದರೆ ಒಂದು ಸ್ವರವೂ ಸರಿಯಾಗಿ ಬರಲ್ಲ.

ನಾಲ್ಕು, ರಿಬ್ಬನ್ ಕೇಬಲ್. ಇಲ್ಲಿ ನಮ್ಮ ಎರಡನೇ ತಪ್ಪು. ಕೇಬಲ್‌ನ ಒಂದು ಅಂಚಿಗೆ ಕೆಂಪು ಗೆರೆ ಇರುತ್ತೆ, ಅದು −12 ವೋಲ್ಟ್ ಕಡೆಗೆ ಬರಬೇಕು. ಮೂರು ರಾತ್ರಿ ಕೂತು ಸೋಲ್ಡರ್ ಮಾಡಿದ ಎಲ್‌ಎಫ್‌ಒ ಬೋರ್ಡ್‌ಗೆ ನಾವು ಖಾಚ್ ಇಲ್ಲದ ಸಾದಾ ಪಿನ್ ಹೆಡರ್ ಹಾಕಿದ್ವಿ. ನಿದ್ದೆಗಣ್ಣಲ್ಲಿ ಕೇಬಲ್ ಉಲ್ಟಾ ಕೂತಿತು. +12 ಇರಬೇಕಾದಲ್ಲಿ −12. ಸಪ್ಪಳ ಏನೂ ಬರಲಿಲ್ಲ, ವಾಸನೆ ಮಾತ್ರ ಬಂತು. ಸತ್ತಿದ್ದು ಅಗ್ಗದ ಚಿಪ್, ಆದರೆ ರಿಹರ್ಸಲ್‌ಗೆ ಉಳಿದಿದ್ದು ನಾಲ್ಕೇ ದಿನ, ರೂಮಲ್ಲಿ ಒಬ್ಬರೂ ಒಬ್ಬರ ಮುಖ ನೋಡಲಿಲ್ಲ. ಹೊಸ ಬೋರ್ಡ್‌ಗೆ ಎರಡೂ ಸಪ್ಲೈ ಲೈನ್‌ನಲ್ಲಿ ಒಂದೊಂದು 1ಎನ್5817 ಡಯೋಡ್ ಸೀರೀಸ್‌ನಲ್ಲಿ ಹಾಕಿದ್ವಿ. ಉಲ್ಟಾ ಚುಚ್ಚಿದ್ರೆ ಕರೆಂಟೇ ಹರಿಯಲ್ಲ. ನೀವು ಕೊಳ್ಳೋ ಮಾಡ್ಯೂಲ್‌ನಲ್ಲಿ ಇಂಥ ರಕ್ಷಣೆ ಇದೆಯಾ ಅಂತ ಕೇಳಿ.

ಎಫೆಕ್ಟ್: ಮಾಡ್ಯೂಲೇ ಬೇಕಾ, ಪೆಡಲ್ ಸಾಕಾ?

ಎಕೋ, ರಿವರ್ಬ್‌ಗೆ ಯೂರೋರ‍್ಯಾಕ್ ಮಾಡ್ಯೂಲೇ ತಗೋಬೇಕು ಅಂತಿಲ್ಲ. ಕ್ಯಾಂಪಸ್‌ನಲ್ಲಿ ಗಿಟಾರ್ ನುಡಿಸೋ ಯಾರಾದ್ರೂ ಒಬ್ಬರ ಹತ್ರ ಡಿಲೇ ಪೆಡಲ್ ಇದ್ದೇ ಇರುತ್ತೆ. ಮಾಡ್ಯೂಲ್‌ನ ಲಾಭ ಏನಂದ್ರೆ ಅದರ ನಾಬ್‌ಗಳನ್ನ ವೋಲ್ಟೇಜ್‌ನಿಂದ ಆಡಿಸಬಹುದು. ಅದು ಬೇಕಿಲ್ಲ ಅಂದ್ರೆ ಪೆಡಲ್ ಸಾಕು. ನಾವೂ ಒಂದು ಸಾಲ ತಂದ್ವಿ.

ಚುಚ್ಚಿದ ತಕ್ಷಣ ಕರಕರ ಅಂತ ಒಡೆದ ಸದ್ದು. ಕಾರಣ, ಲೆವೆಲ್. ಯೂರೋರ‍್ಯಾಕ್ ಸಿಗ್ನಲ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಸುಮಾರು 10 ವೋಲ್ಟ್ ಇರುತ್ತೆ. ಪೆಡಲ್ ನಡೆಯೋದೇ 9 ವೋಲ್ಟ್‌ನಲ್ಲಿ, ಅದು ಕಾಯೋದು ಗಿಟಾರ್‌ನಿಂದ ಬರೋ ಚಿಕ್ಕ ಸಿಗ್ನಲ್‌ಗೆ. ಪರಿಹಾರ ಎರಡು ರೆಸಿಸ್ಟರ್: 100 ಕಿಲೋಓಮ್ ಮತ್ತು 10 ಕಿಲೋಓಮ್ ಡಿವೈಡರ್ ಹಾಕಿದ್ರೆ ಸಿಗ್ನಲ್ 11ನೇ ಒಂದು ಭಾಗಕ್ಕೆ, ಅಂದ್ರೆ ಸುಮಾರು 0.9 ವೋಲ್ಟ್‌ಗೆ ಇಳಿಯುತ್ತೆ. ಪೆಡಲ್‌ನಿಂದ ವಾಪಸ್ ಬರುವಾಗ ಅದೇ ಬೆಲೆಯ ಎರಡು ರೆಸಿಸ್ಟರ್‌ನಿಂದ ನಾನ್‌ಇನ್ವರ್ಟಿಂಗ್ ಆಂಪ್ಲಿಫೈಯರ್ ಮಾಡಿದ್ರೆ ಗೇನ್ ಸರಿಯಾಗಿ 11. ಹೋದಷ್ಟೇ ವಾಪಸ್ ಬಂತು. ಸಿಂಥ್ ಔಟ್‌ಪುಟನ್ನ ಲ್ಯಾಪ್‌ಟಾಪ್ ಮೈಕ್ ಜಾಕ್‌ಗೆ ಚುಚ್ಚೋರೂ ಈ ಮಾತು ನೆನಪಿಡಿ, ಲೆವೆಲ್ ತಗ್ಗಿಸದೆ ಚುಚ್ಚಬೇಡಿ.

ಡಿಲೇ ಆರಿಸುವಾಗ ಎರಡು ಜಾತಿ ಎದುರಾಗುತ್ತೆ. ಬಕೆಟ್ ಬ್ರಿಗೇಡ್ ಚಿಪ್‌ನಲ್ಲಿ ಸಾವಿರಾರು ಪುಟ್ಟ ಕೆಪ್ಯಾಸಿಟರ್‌ಗಳು ಸಾಲಾಗಿ ನಿಂತಿರುತ್ತೆ. ಬಾವಿಯಿಂದ ಮನೆವರೆಗೂ ಜನ ಸಾಲಾಗಿ ನಿಂತು ಕೊಡಪಾನ ಕೈಯಿಂದ ಕೈಗೆ ದಾಟಿಸಿದ ಹಾಗೆ ಚಾರ್ಜ್ ಮುಂದೆ ಹೋಗುತ್ತೆ. ಎಂಎನ್3005 ಅನ್ನೋ ಚಿಪ್‌ನಲ್ಲಿ ಇಂಥ 4096 ಹಂತ. ಡಿಲೇ ಸಮಯ ಅಂದ್ರೆ ಹಂತಗಳ ಸಂಖ್ಯೆಯನ್ನ ಕ್ಲಾಕ್ ಫ್ರೀಕ್ವೆನ್ಸಿಯ ಎರಡರಷ್ಟರಿಂದ ಭಾಗಿಸಿದ್ದು. 10 ಕಿಲೋಹರ್ಟ್ಸ್ ಕ್ಲಾಕ್‌ಗೆ ಸುಮಾರು 205 ಮಿಲಿಸೆಕೆಂಡ್. ಸಮಯ ಹೆಚ್ಚಿಸೋಕೆ ಕ್ಲಾಕ್ ನಿಧಾನ ಮಾಡಿದ್ರೆ ನೈಕ್ವಿಸ್ಟ್ ಮಿತಿಯೂ ಇಳಿಯುತ್ತೆ, ಅದಕ್ಕೇ ಎಕೋ ಮಬ್ಬಾಗುತ್ತೆ. ಆ ಮಬ್ಬನ್ನೇ ಜನ ಇಷ್ಟಪಟ್ಟು ಜಾಸ್ತಿ ದುಡ್ಡು ಕೊಡ್ತಾರೆ. ಇನ್ನೊಂದು ಜಾತಿ ಪಿಟಿ2399, ಕರೋಕೆ ಎಕೋಗೆ ಅಂತ ಬಂದ ಡಿಜಿಟಲ್ ಚಿಪ್. 5 ವೋಲ್ಟ್‌ನಲ್ಲಿ ಸುಮಾರು 30ರಿಂದ 340 ಮಿಲಿಸೆಕೆಂಡ್ ಡಿಲೇ, ಬೆಲೆ ಒಂದು ಮಸಾಲೆ ದೋಸೆಯ ಆಸುಪಾಸು. ಕಲಿಯೋಕೆ ಇದಕ್ಕಿಂತ ಒಳ್ಳೇದು ಇಲ್ಲ.

ಎಫೆಕ್ಟ್ ಎಲ್ಲಿ ಕೂರಿಸ್ತೀರಿ ಅನ್ನೋದೂ ಅಷ್ಟೇ ಮುಖ್ಯ. ರಿವರ್ಬನ್ನ ವಿಸಿಎ ಮುಂಚೆ ಇಟ್ರೆ ವಿಸಿಎ ಮುಚ್ಚಿದ ಕ್ಷಣ ಅದರ ಬಾಲ ಕತ್ತರಿಸಿ ಹೋಗುತ್ತೆ, ಆಮೇಲೆ ಇಟ್ರೆ ತಾನಾಗೇ ಕರಗುತ್ತೆ. ಡಿಸ್ಟಾರ್ಷನ್ ಫಿಲ್ಟರ್‌ಗಿಂತ ಮುಂಚೆ ಇದ್ರೆ ಹೊಸದಾಗಿ ಹುಟ್ಟಿದ ಕರಕರವನ್ನ ಫಿಲ್ಟರ್ ಕೆತ್ತಬಹುದು. ಮೂಲ ಶಬ್ದವನ್ನ ಮಿಕ್ಸರ್‌ನಲ್ಲಿ ಹಾಗೇ ಉಳಿಸಿ, ಒಂದು ಕವಲನ್ನ ಮಾತ್ರ ಎಫೆಕ್ಟ್‌ಗೆ ಕಳಿಸಿ ಕೂಡಿಸಿದ್ರೆ ಮಾತು ಸ್ಪಷ್ಟ ಇರುತ್ತೆ. ಇವೆಲ್ಲ ವೈರ್ ಬದಲಿಸಿದ್ರೆ ಆಗೋ ಕೆಲಸ, ದುಡ್ಡು ಬೇಕಿಲ್ಲ.

ಗುಡುಗಿನ ಕಥೆ ಚಿಕ್ಕದು. ಗಿಟಾರ್ ಆಂಪ್ ರಿಪೇರಿ ಮಾಡೋ ಅಣ್ಣ ಒಬ್ಬರು ಹಳೇ ಆಂಪ್‌ನಿಂದ ಬಿಚ್ಚಿದ ಸ್ಪ್ರಿಂಗ್ ರಿವರ್ಬ್ ಟ್ಯಾಂಕ್ ಕೊಟ್ರು. ಒಂದು ತಗಡಿನ ಡಬ್ಬಿ, ಒಳಗೆ ತೂಗೋ ಸ್ಪ್ರಿಂಗ್‌ಗಳು. ಒಂದು ತುದಿಯ ಕಾಯಿಲ್ ಶಬ್ದಕ್ಕೆ ತಕ್ಕ ಹಾಗೆ ಅಲುಗಾಡಿಸುತ್ತೆ, ಇನ್ನೊಂದು ತುದಿಯ ಕಾಯಿಲ್ ಆ ಅಲುಗಾಟವನ್ನ ಕೇಳಿಸಿಕೊಳ್ಳುತ್ತೆ. ಸಾಗಿಸುವಾಗ ನಮ್ಮಲ್ಲೊಬ್ಬನ ಮೊಣಕೈ ಅದಕ್ಕೆ ತಾಗಿ ಸ್ಪೀಕರ್‌ನಲ್ಲಿ ಗುಡುಗು ಬಂತು! ಕೆಳಗೆ ಕಟ್‌ಆಫ್ ಇಳಿಸಿದ ನಾಯ್ಸ್ ಸೇರಿಸಿದ್ವಿ, ಕೆಲಸ ಮುಗೀತು.

ಹಾಗಾದ್ರೆ ಯಾವ ಸರದಿ?

ಮೊದಲು ಇರೋ ಸಿಂಥ್‌ನ ಪ್ರತಿ ಜಾಕ್ ಒಂದೊಂದು ಸಲ ಚುಚ್ಚಿ ನೋಡಿ. ಆಮೇಲೆ ಅಟೆನ್ಯುಯೇಟರ್, ಮಿಕ್ಸರ್, ಬಫರ್ ಮಲ್ಟಿಪಲ್ ಕಟ್ಟಿ. ಆಮೇಲೆ ಒಂದೆರಡು ಎಲ್‌ಎಫ್‌ಒ ಅಥವಾ ಎನ್ವಲಪ್, ಒಂದು ವಿಸಿಎ. ಆಮೇಲೆ ಒಂದೇ ಒಂದು ಎಫೆಕ್ಟ್, ಆದಷ್ಟೂ ಸಾಲ ತಂದಿದ್ದು. ಕೊನೆಗೆ ಎರಡನೇ ಆಸಿಲೇಟರ್, ಎರಡನೇ ಫಿಲ್ಟರ್. ನಾವು ಈ ಪಟ್ಟಿಯನ್ನ ಕೆಳಗಿನಿಂದ ಶುರು ಮಾಡಿದ್ವಿ, ಅಷ್ಟೇ ವ್ಯತ್ಯಾಸ.

ಆ 8,500ರ ಆಸಿಲೇಟರ್ ಪೂರ್ತಿ ದಂಡ ಆಗಲಿಲ್ಲ. ಕೊನೇ ದೃಶ್ಯದ ಶ್ರುತಿಗೆ ಸಿಂಥ್‌ನಲ್ಲಿ ಷಡ್ಜ, ಹೊಸ ಆಸಿಲೇಟರ್‌ನಲ್ಲಿ ಪಂಚಮ ಇಟ್ವಿ. ಕೀಬೋರ್ಡ್ ಲೆಕ್ಕದ ಪಂಚಮ ಷಡ್ಜದ 1.4983 ಪಟ್ಟು, ಶುದ್ಧ ಪಂಚಮ 1.5 ಪಟ್ಟು. ಅಷ್ಟು ಚಿಕ್ಕ ವ್ಯತ್ಯಾಸಕ್ಕೂ ಶಬ್ದ ನಿಧಾನವಾಗಿ ತೂಗಾಡುತ್ತೆ. ಫೈನ್ ನಾಬ್ ಹಿಡಿದು, ವೀಣೆ ಕಲಿತ ಗೆಳತಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು, ಆ ತೂಗಾಟ ನಿಲ್ಲೋವರೆಗೂ ಕೂದಲೆಳೆಯಷ್ಟು ತಿರುಗಿಸಿದ್ವಿ. ಅನಲಾಗ್ ಆಸಿಲೇಟರ್ ಬಿಸಿಯಾಗ್ತಾ ಸ್ವರ ಜಾರುತ್ತೆ, ಹಾಗಾಗಿ ಶೋಗೆ ಅರ್ಧ ಗಂಟೆ ಮುಂಚೆಯೇ ಆನ್ ಮಾಡಿಟ್ಟಿದ್ವಿ.

ನಾಟಕದ ದಿನ ಗಾಳಿಯ ನಾಬ್ ಹಿಡಿದಿದ್ದು ಟ್ಯೂಷನ್ ದುಡ್ಡು ಹಾಕಿದ ಗೆಳೆಯ. ನಟ ಎರಡನೇ ದೃಶ್ಯದಲ್ಲಿ ಮಾತು ಮರೆತು ಹತ್ತು ಸೆಕೆಂಡ್ ಸುಮ್ಮನೆ ನಿಂತುಬಿಟ್ಟ. ಇವನು ಗಾಳಿ ಏರಿಸ್ತಾ ಹೋದ. ನಟನಿಗೆ ಮಾತು ನೆನಪಾಯ್ತು, ಗಾಳಿ ಇಳೀತು. ನೋಡ್ತಿದ್ದವರಿಗೆ ಅದು ನಾಟಕದ ಭಾಗ ಅಂತಲೇ ಅನ್ಸಿತು. ಆಮೇಲೆ ಅಕ್ಕ ಬಂದು ಅವನ ಬೆನ್ನು ತಟ್ಟಿದ್ರು.

ಬೋರ್ಡ್‌ಗಳು, ಟ್ಯಾಂಕ್, ಡಿವೈಡರ್ ಎಲ್ಲ ಈಗ ಸಂಘದ ರೂಮಿನ ಬೀರುವಿನಲ್ಲಿದೆ. ಮುಂದಿನ ವರ್ಷ ನಾಟಕಕ್ಕೆ ಸೌಂಡ್ ಮಾಡೋ ಜೂನಿಯರ್‌ಗಳು ಧಾರಾಳವಾಗಿ ತಗೊಳ್ಳಿ. ರಿಬ್ಬನ್ ಕೇಬಲ್‌ನ ಕೆಂಪು ಗೆರೆ ಮಾತ್ರ ಎರಡು ಸಲ ನೋಡಿ.